ಮಾವನ ಕೂಪೆ, ಅತ್ತೆಯ ಮೊಣಕಾಲು

ಚೆನ್ನೈನಲ್ಲಿ ನಿವೃತ್ತರಾದ ಗಂಡಸರಿಗೆ ತಲೆಕೆಡಲು ನಾನಾ ದಾರಿಗಳಿವೆ. ಕೆಲವರು ತಾರಸಿಯ ಮೇಲೆ ಬದನೆ ಬೆಳೆಯುತ್ತಾರೆ, ಕೆಲವರು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆಗುತ್ತಾರೆ. ಪೋರೂರಿನಲ್ಲಿರುವ ನನ್ನ ಸೋದರಮಾವ ಎರಡೇ ಬಾಗಿಲಿನ, ಹಳದಿ ಬಣ್ಣದ, ನೆಲ ಮೂಸಿಕೊಂಡು ಓಡುವ ಸ್ಪೋರ್ಟ್ಸ್ ಕಾರು ಕೊಂಡರು! ಸೆಕೆಂಡ್ ಹ್ಯಾಂಡು, ಆದರೆ ಜಂಬ ಮಾತ್ರ ಹೊಚ್ಚ ಹೊಸದು.

"ಅಕ್ಕಾ, ಕೂಪೆ ತಗೊಂಡೆ!" ಎಂದು ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಫೋನು ಮಾಡಿದರು. ಅಮ್ಮನಿಗೆ ಅದು 'ಕೂಪ' ಎಂದು ಕೇಳಿಸಿತು.

"ಅಯ್ಯೋ, ಮನೆ ಹತ್ರ ಕೆರೆನೇ ಇದೆಯಲ್ಲೋ! ಈ ವಯಸ್ಸಲ್ಲಿ ಬಾವಿ ಯಾಕೆ ತೋಡಿಸ್ದೆ?"

"ಬಾವಿ ಅಲ್ಲಕ್ಕಾ, ಕಾರು! ರೈಲ್ವೆ ಚಾರ್ಟ್ ಸೆಕ್ಷನ್ನಲ್ಲಿ ಕೂತು ಊರೋರಿಗೆಲ್ಲ ಇಬ್ಬರೇ ಹೋಗೋ ಕೂಪೆ ಅಲಾಟ್ ಮಾಡಿ ಮಾಡಿ ಸಾಕಾಗಿತ್ತು. ಈಗ ನನಗೇ ಒಂದು ಅಲಾಟ್ ಮಾಡ್ಕೊಂಡೆ."

ಅನುಕೂಲ ಇಲ್ಲವೆಂದಲ್ಲ. ಹಿಂದಿನ ಸೀಟು ಎಂದು ಕರೆಯುವ ಜಾಗದಲ್ಲಿ ಒಂದು ಕುಂಬಳಕಾಯಿ ಕೂರಬಹುದು, ಅದೂ ಎಳೆಯದಾದರೆ. ಹಾಗಾಗಿ ಸೆಂಟ್ರಲ್ ಸ್ಟೇಷನ್ನಿಗೆ ಬಂದಿಳಿದು "ಕಾರು ತಗೊಂಡು ಬಾ" ಎನ್ನುತ್ತಿದ್ದ ನೆಂಟರೆಲ್ಲ ಮೆಟ್ರೋ ಹತ್ತುವುದನ್ನು ಕಲಿತರು. ಎಲ್ಲರಿಗಿಂತ ಮೊದಲು ಕಲಿತವನು ನಾನು.

ಅನನುಕೂಲ ಶುರುವಾಗುವುದು ರಸ್ತೆಯ ಉಬ್ಬಿನಿಂದ. ಮಾವನ ತಮಿಳಿಗೆ ಇರುವುದು ಒಂದೇ ವ್ಯಾಕರಣ: ಕನ್ನಡದ ಹಕಾರ ಕಿತ್ತು ಪಕಾರ ಹಾಕು! ಹಾಲು ಪಾಲು, ಹತ್ತು ಪತ್ತು, ಹುಲಿ ಪುಲಿ. ಇಷ್ಟೇ ಬಂಡವಾಳದಲ್ಲಿ ಇಷ್ಟು ವರ್ಷ ಬಾಳಿದವರು, ಉಬ್ಬಿನ ಮೇಲೆ ಕಾರು ಹಾರುತ್ತದೆ ಎಂದು ದೂರಲು ಮೆಕ್ಯಾನಿಕ್ ಹತ್ತಿರ ಹೋಗಿ "ವಂಡಿ ಪಾರು! ಪಾರು!" ಎಂದರು. ತಮಿಳಿನಲ್ಲಿ ವಂಡಿ ಎಂದರೆ ಗಾಡಿ, ಪಾರು ಎಂದರೆ ನೋಡು. ಪಾಪ, ಮೆಕ್ಯಾನಿಕ್ ನೋಡಿದ.

"ಪಾತ್ತುಟ್ಟೇನ್ ಸಾರ್. ಸೂಪರ್ ವಂಡಿ!"

ಮಾವ ರೇಗಿ ಇನ್ನೂ ಜೋರಾಗಿ "ಪಾರು!" ಎಂದರು. ಅವನು ಈ ಸಲ ಕಾರಿನಡಿ ಮಲಗಿ ನೋಡಿದ. ಕೊನೆಗೆ ಅತ್ತೆ "ವಂಡಿ ಕುದಿಕ್ಕುದುಪ್ಪಾ" ಎಂದರು. ನೆಗೆಯುತ್ತದೆ ಎನ್ನಲು ಅದೇ ಸರಿಯಾದ ತಮಿಳು. ಮಾವ ಹೆಂಡತಿಯ ಮೇಲೆ ಹರಿಹಾಯ್ದರು: "ಕುದಿಯೋದಲ್ಲ ಕಣೇ, ಹಾರೋದು! ಗೊತ್ತಿಲ್ದಿದ್ರೆ ಸುಮ್ನಿರು!"

ಇದೆಲ್ಲ ಹಾಳಾಗಲಿ, ನಿಜವಾದ ತೊಂದರೆ ಅತ್ತೆಯ ಮೊಣಕಾಲಿನದು. ಆ ಕಾರಿನಲ್ಲಿ ಕೂರುವುದೆಂದರೆ ಬೀಳುವುದು. ಅತ್ತೆ ಹೇಗೋ ಸೀಟಿನೊಳಗೆ ಬೀಳುತ್ತಾರೆ, ಕಾಲೆರಡೂ ರಸ್ತೆಯಲ್ಲೇ ಉಳಿಯುತ್ತವೆ. ಆಗ ಮಾವ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಕಾಲನ್ನು ಎತ್ತಿ ಒಳಗಿಡಬೇಕು.

ಟಿ. ನಗರದ ಸೀರೆ ಅಂಗಡಿಯ ಮುಂದೆ ಇದನ್ನು ಕಣ್ಣಾರೆ ಕಂಡಿದ್ದೇನೆ. "ಬಿಡೀಂದ್ರೆ! ಗಂಡನ ಕೈಲಿ ಕಾಲು ಮುಟ್ಟಿಸ್ಕೊಂಡ ಪಾಪ ಯಾವ ಜನ್ಮಕ್ಕೆ ತೀರತ್ತೆ?" ಎಂದು ಅತ್ತೆ. ಮಾವ ಬಲಗಾಲು ಎತ್ತಿಟ್ಟು "ನೋಯ್ತಾ?" ಎನ್ನುತ್ತಾರೆ. ಅತ್ತೆ ಆ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಎಡಗಾಲು, ಮತ್ತೆ "ನೋಯ್ತಾ?", ಮತ್ತೆ ನಮಸ್ಕಾರ. ಹಿಂದೆ ಬಸ್ಸಿನ ಹಾರನ್ನು! ಆಟೋದವನೊಬ್ಬ ತಲೆ ಹೊರಗೆ ಹಾಕಿ, "ಎನ್ನ ಸಾರ್, ಅಮ್ಮಾ ಕಾಲ್ಲ ವಿಳುಂದುಟ್ಟೀಂಗಳಾ?" ಎಂದ. ಕಾಲಿಗೇ ಬಿದ್ದುಬಿಟ್ಟಿರಾ ಎಂದು.

"ಆಮಾಪ್ಪಾ, ಮುಪ್ಪತ್ತಾರು ವರುಷಮಾ!" ಎಂದರು ಮಾವ. ಹೌದಪ್ಪಾ, ಮೂವತ್ತಾರು ವರ್ಷದಿಂದ ಎಂದು. ಆ ತಮಿಳು ಮಾತ್ರ ಒಂದು ಚೂರೂ ತಪ್ಪಲಿಲ್ಲ.

ಕಳೆದ ತಿಂಗಳು ನೋವು ಹೆಚ್ಚಾಗಿ ಅತ್ತೆ ಒಂದು ವಾರ ಹೊರಗೆ ಬರಲಿಲ್ಲ. ಮಾವನ ಮುಖ ಬಾಡಿಹೋಯಿತು. "ಅವಳು ಬರದೆ ನಾನೊಬ್ನೇ ಎಲ್ಲಿಗೆ ಹೋಗ್ಲಿ ಅಳಿಯಾ? ಮಾರ್ಬಿಡೋಣ. ಎತ್ತರದ್ದೊಂದು ಕಾರು ತಗೊಳ್ಳೋಣ" ಎಂದರು. ಬುದ್ಧಿ ಬಂತಲ್ಲ ಎಂದು ಹಿಗ್ಗಿ, ಇಲ್ಲೇ ಮಣಲಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಎಂಜಿನಿಯರೊಬ್ಬರನ್ನು ಭಾನುವಾರ ಕರೆತಂದೆ. ಅವರಿಗೆ ಕಾರು ಒಪ್ಪಿಗೆಯಾಯಿತು. ಮಾವ ತಮ್ಮ ಟವೆಲ್ಲಿನಿಂದಲೇ ಕಾರನ್ನು ಒರೆಸುತ್ತಾ ನಿಂತಿದ್ದರು, ನಾನು ಬೀಗದ ಕೈ ತರಲು ಒಳಗೆ ಹೋದೆ.

ಬೀಗದ ಕೈ ಅತ್ತೆಯ ಮುಷ್ಟಿಯಲ್ಲಿತ್ತು.

"ಕೊಡಿ ಅತ್ತೆ, ಅವರು ಕಾಯ್ತಿದಾರೆ. ಇದೆಲ್ಲ ನಿಮಗೋಸ್ಕರವೇ ಅಲ್ವಾ?"

"ನನ್ನನ್ನ ಯಾರಪ್ಪಾ ಕೇಳಿದ್ರು?" ಎಂದರು ಅತ್ತೆ. "ಮದುವೆ ಆದಾಗಿಂದ ಅವರು ಮುಂದೆ ಬಿರಬಿರ ನಡೀತಿದ್ರು, ನಾನು ಹಿಂದೆ ಓಡ್ತಿದ್ದೆ. ಒಂದಿನ ತಿರುಗಿ ನೋಡಿ ಕಾಲು ನೋಯ್ತಾ ಅಂತ ಕೇಳ್ಲಿಲ್ಲ. ಈ ಹಾಳು ಕಾರು ಬಂದ್ಮೇಲೆ ಹೋಗುವಾಗೊಂದ್ಸಲ, ಬರುವಾಗೊಂದ್ಸಲ ಕೇಳ್ತಾರೆ. ಎತ್ತರದ ಕಾರು ಬಂದ್ರೆ ನಾನೇ ಹತ್ತಿ ಕೂತ್ಕೋತೀನಿ ಕಣೋ. ಆಮೇಲೆ ಯಾರು ಕೇಳ್ತಾರೆ?"

ಹೊರಗೆ ಬಂದು, ಕಾರು ಮಾರುವುದಿಲ್ಲವೆಂದು ಎಂಜಿನಿಯರ ಬಳಿ ಕ್ಷಮೆ ಕೇಳಿದೆ.

ಮಾವ ಟವೆಲ್ ಹಿಡಿದು ಪಿಳಿಪಿಳಿ ನೋಡಿದರು. "ಯಾಕೋ, ಏನಾಯ್ತೋ?"

"ಒಳಗೆ ಹೋಗಿ ಮಾವ" ಎಂದೆ. "ಅತ್ತೇನೇ ಕೇಳಿ."