ಹೃದಯಕ್ಕೆ ಹತ್ತಿರವಾದ ಯಂತ್ರ

ಮುಂಬಯಿಯ ನಮ್ಮ ಮುಲುಂಡಿನ ಸಮುದಾಯ ಆಸ್ಪತ್ರೆಗೆ ಮ್ಯಾಮೊಗ್ರಫಿ ಯಂತ್ರ ತರಲು ಚಂದಾ ಎತ್ತಬೇಕು ಎಂಬ ಮಾತು ಬಂದಾಗ ಮೊದಲು ಕೈ ಎತ್ತಿದವನು ನಾನು. ನಿವೃತ್ತಿಯವರೆಗೂ ವಿಮೆ ಮಾರಿದವನು. ಬದುಕಿರುವವರ ಮುಂದೆ ಅವರದೇ ಸಾವಿನ ವಿಷಯ ಎತ್ತಿ, ಅವರದೇ ಚಹಾ ಕುಡಿದು ಬಂದವನು. ಒಂದು ಯಂತ್ರದ ಬಗ್ಗೆ ಹೇಳುವುದು ಯಾವ ಮಹಾ ಕೆಲಸ?

ನನಗೆ ಕುತೂಹಲವೂ ಇತ್ತು. ಕೈಗೆ ಸಿಗದಷ್ಟು ಸಣ್ಣ ಗಂಟು ಅದಕ್ಕೆ ಹೇಗೆ ಕಾಣುತ್ತದೆ, ಯಾಕೆ ಒತ್ತಿ ಹಿಡಿಯಬೇಕು ಎಂದೆಲ್ಲ ಕೇಳಿ ಆಸ್ಪತ್ರೆಯ ಡಾಕ್ಟರಮ್ಮನ ತಲೆ ತಿಂದೆ. ಅವರು ತಾಳ್ಮೆಯಿಂದ ಹೇಳಿದರು. ಈಗ ಈ ಪರೀಕ್ಷೆಗೆ ನಮ್ಮ ಹೆಂಗಸರು ಲೋಕಲ್ ರೈಲು ಹಿಡಿದು ದೂರ ಹೋಗಬೇಕು. ಇವತ್ತು ನೆಂಟರು, ನಾಳೆ ಹಬ್ಬ ಎಂದು ಮುಂದೂಡುತ್ತಾರೆ. ನನ್ನ ಹೆಂಡತಿ ವಾರಿಜಳ ಬೊರಿವಲಿಯ ಗೆಳತಿಯೊಬ್ಬಳು ಹಾಗೆ ಮುಂದೂಡುತ್ತಲೇ ತೀರಿಕೊಂಡಿದ್ದಳು.

ಎಲ್ಲ ತಿಳಿದುಕೊಂಡು ಹೊರಟೆ. ಒಂದು ಪದ ಮಾತ್ರ ನಾಲಗೆಗೆ ಬರಲಿಲ್ಲ.

ಶೆಟ್ಟರ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ, ದೋಸೆ ತಿನ್ನುವ ಅಷ್ಟು ಗಂಡಸರ ನಡುವೆ ‘ಸ್ತನ’ ಎಂದು ಹೇಗೆ ಹೇಳುವುದು? ಎದೆಯ ಒಳಗೆ ನೋಡುವ ಯಂತ್ರ ಎಂದೆ. ಶೆಟ್ಟರು ಇತ್ತೀಚೆಗಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಎದೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಚೆಕ್ ಬರೆದರು. ಅದು ಎಷ್ಟು ದೊಡ್ಡ ಚೆಕ್ಕೆಂದರೆ, ಅವರನ್ನು ತಿದ್ದುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಹಾದಿ ಸುಗಮವಾಯಿತು. ‘ನಿಮ್ಮ ಹೃದಯಕ್ಕೆ ಅತಿ ಹತ್ತಿರವಾದ ಯಂತ್ರ’ ಎಂದು ಕರಪತ್ರವನ್ನೂ ಅಚ್ಚು ಹಾಕಿಸಿದೆ. ಶರೀರಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ವಾರಿಜ ಓದಿ, ಇದರಲ್ಲಿ ಹೆಂಗಸರು ಎಲ್ಲಿದ್ದಾರೆ ಎಂದು ಕೇಳಿದಳು. ಸೂಚ್ಯವಾಗಿದ್ದಾರೆ ಎಂದೆ.

ನಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ದಾನಿಗಳ ಸಭೆ ಇಟ್ಟೆವು. ಹಾಲ್ ತುಂಬಿತು. ಮುಂದಿನ ಸಾಲುಗಳಲ್ಲಿ ಹಿರಿಯ ಗಂಡಸರು, ಎಲ್ಲರ ತೊಡೆಯ ಮೇಲೂ ಇಸಿಜಿ ಫೈಲು. ವೇದಿಕೆಯಲ್ಲಿದ್ದ ಡಾಕ್ಟರಮ್ಮ ಆ ಫೈಲುಗಳನ್ನೂ ನನ್ನನ್ನೂ ಸರದಿಯಂತೆ ನೋಡತೊಡಗಿದರು. ಅಷ್ಟರಲ್ಲಿ ಶೆಟ್ಟರು ಹಾರ ಹಾಕಿಸಿಕೊಂಡು, ಹೊಸ ಯಂತ್ರದಲ್ಲಿ ಮೊಟ್ಟಮೊದಲ ಪರೀಕ್ಷೆಗೆ ತಮ್ಮ ಎದೆಯನ್ನೇ ಒಡ್ಡುವುದಾಗಿ ಘೋಷಿಸಿದರು. ಭಾರೀ ಚಪ್ಪಾಳೆ. ನಾನೂ ತಟ್ಟಿದೆ. ಬೇರೇನು ಮಾಡಲಿ?

ವಾರಿಜ ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡಳು.

“ಇದು ಸ್ತನ ಪರೀಕ್ಷೆಯ ಯಂತ್ರ. ನಮ್ಮ ಯಜಮಾನರಿಗೆ ಹೇಳ್ಲಿಕ್ಕೆ ನಾಚಿಕೆ. ಶೆಟ್ರೇ, ಇದು ನಿಮಗಲ್ಲ, ನಿಮ್ಮ ಮನೆಯವರಿಗೆ.”

ನನ್ನ ಕಣ್ಣಿಗೆ ಶೆಟ್ಟರ ಜೇಬಿನೊಳಗೆ ವಾಪಸಾಗುತ್ತಿರುವ ಚೆಕ್ಕು ಕಾಣಿಸತೊಡಗಿತು. ಆಗ ಹಿಂದಿನ ಸಾಲಿನಲ್ಲಿ ಶೆಟ್ಟರ ಹೆಂಡತಿ ಎದ್ದು ನಿಂತರು. ಸಭೆಯಲ್ಲಿ ಅವರು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ಅದು ನೋಯ್ತದಾ, ಡಾಕ್ಟ್ರೇ?”

ಡಾಕ್ಟರಮ್ಮ ಉತ್ತರಿಸುವಷ್ಟರಲ್ಲಿ ಇನ್ನೊಬ್ಬರ ಪ್ರಶ್ನೆ, ಅದರ ಹಿಂದೆ ಮತ್ತೊಂದು. ಗಂಡಸರು ಫೈಲುಗಳನ್ನು ಮಡಚಿ ಹೊರಗೆ ಗಾಳಿಗೆ ಹೋದರು. ಸಭೆ ಮುಗಿದ ಮೇಲೆ ಶೆಟ್ಟರ ಹೆಂಡತಿ ವಾರಿಜಳನ್ನು ಮೂಲೆಗೆ ಕರೆದು, ತನಗೊಂದು ಗಂಟು ಇದೆ, ಯಾರಿಗೂ ಹೇಳಿಲ್ಲ ಎಂದರಂತೆ. ಮರುದಿನವೇ ಇಬ್ಬರೂ ಲೋಕಲ್ ಹತ್ತಿ ಪರೀಕ್ಷೆಗೆ ಹೋದರು. ಅಪಾಯದ್ದಲ್ಲ ಎಂದು ವರದಿ ಬರುವವರೆಗೆ ನಮ್ಮ ಮನೆಯಲ್ಲೂ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ.

ವರದಿ ಬಂದ ಸಂಜೆ ಶೆಟ್ಟರು ಮನೆಗೆ ಬಂದರು. ಚೆಕ್ ವಾಪಸು ಕೇಳಲು ಬಂದರೆಂದು ನಾನು ಬಾಗಿಲಲ್ಲೇ ಕ್ಷಮೆ ಕೇಳತೊಡಗಿದೆ.

“ಚೆಕ್ ಇರ್ಲಿ ಮಾರಾಯ್ರೆ,” ಎಂದರು. “ನನ್ನ ಹೆಂಡತಿ ನನ್ನತ್ರ ಸಹ ಹೇಳ್ಲಿಲ್ಲ, ನೋಡಿ.” ನಾನೇ ಒಳಗೆ ಹೋಗಿ ಇಬ್ಬರಿಗೂ ಚಹಾ ಮಾಡಿ ತಂದೆ.

ಯಂತ್ರ ಬಂತು. ಉದ್ಘಾಟನೆಗೆ ಸಮಿತಿ ಕೆಲಸ ಹಂಚಿದಾಗ ಭಾಷಣ ಸರ್ವಾನುಮತದಿಂದ ವಾರಿಜಳ ಪಾಲಾಯಿತು. ನನಗೆ ಚಹಾ ವ್ಯವಸ್ಥೆ. ‘ಚಹಾ’ ಎನ್ನಲು ಇವರಿಗೆ ಸಂಕೋಚವೇನೂ ಇಲ್ಲ ಎಂದು ವಾರಿಜ ಸಮಿತಿಗೆ ಖಾತರಿ ಕೊಟ್ಟಿದ್ದಾಳೆ.