ಷಡಕ್ಷರಿ ಬರೆದ ಮರದ ಸಾಲು

ತಪ್ಪೆಲ್ಲ ಆ ಹಂಸದ್ದು. ಮಲ್ಲಂದೂರಿನ ಕಾಫಿ ಎಸ್ಟೇಟಿನ ರೈಟರ್ ಷಡಕ್ಷರಿ ಆಳುಗಳ ಹಾಜರಿ ಬರೆಯುವುದು ಬಿಟ್ಟು, ವಿಲಾಯಿತಿ ಕ್ಯಾಲೆಂಡರ್ ನೋಡಿ ಕೊಳ, ಹಂಸ, ಹಿಮದ ಬೆಟ್ಟ ಬರೆದು ಯಜಮಾನ ಓಂಕಾರಮೂರ್ತಿಯವರಿಗೆ ತೋರಿಸಿದ್ದ.

"ನಮ್ಮೂರಲ್ಲಿ ಹಂಸ ಎಲ್ಲಿ ಕಂಡ್ರಿ ಮಾರಾಯ್ರೆ?" ಎಂದರು ಅವರು. "ನಮ್ಮ ತೋಟಾನೆ ಬರೀರಿ, ಇದ್ದದ್ದು ಇದ್ದ ಹಾಗೆ. ಚೆನ್ನಾಗಿದ್ರೆ ನಿಮ್ಮನ್ನ ಸೇರಿಸ್ಕೊಳ್ಳಿ ಅಂತ ಮೈಸೂರಿನ ಚಿತ್ರಶಾಲೆಗೆ ಕಾಗದ ಕೊಡ್ತೀನಿ."

ಮೈಸೂರು! ಆ ಒಂದು ಕಾಗದಕ್ಕಾಗಿ ಷಡಕ್ಷರಿ ಮೂರು ವರ್ಷ ಕಾದಿದ್ದ. ಮರುದಿನ ಬೆಳಿಗ್ಗೆಯೇ ಬಣ್ಣದ ಡಬ್ಬಿ ಹಿಡಿದು ಕಣದ ಪಕ್ಕದ ದಿಬ್ಬ ಹತ್ತಿ ಕೂತ. ಮನುಷ್ಯರು ಗೆರೆ ಎಳೆದು ನೆಟ್ಟ ತೋಟದಲ್ಲಿ ಚೆಂದ ಏನು ಮಣ್ಣು ಎಂದುಕೊಂಡಿದ್ದವನಿಗೆ, ಕಣದಲ್ಲಿ ಹರವಿದ ಕಾಫಿಬೀಜ, ರೆಂಬೆ ಸವರಿ ಕಸಿ ಮಾಡಿದ ಗಿಡಗಳನ್ನು, ಅವುಗಳ ಹಿಂದೆ ಒಂದೇ ಸಾಲಿಗೆ ನಿಂತ ಒಂಬತ್ತು ಸಿಲ್ವರ್ ಓಕ್ ಮರಗಳನ್ನು ಕಂಡು ಕುಂಚ ಅದ್ದುವುದೇ ಮರೆತುಹೋಯಿತು. ಇಷ್ಟು ವರ್ಷ ಇದರ ನಡುವೆಯೇ ಕತ್ತೆಯ ಹಾಗೆ ಓಡಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಕಳೆ ತೆಗೆಯುವ ಪಾಪಮ್ಮ ಇಣುಕಿದಳು. "ಗಿಡದ ಬುಡಕ್ಕೆ ಹಸಿರು ಬಳ್ದಿದ್ದೀರಲ್ಲ ರೈಟ್ರೇ! ಮೊನ್ನೆ ತಾನೆ ಕಳೆ ತೆಗ್ದಿದ್ದೀವಿ. ಯಜಮಾನ್ರು ನಮಗೆ ಬೈಯಲ್ವಾ?"

"ಅದು ನೆರಳು ಪಾಪಮ್ಮ."

"ನೆರಳಿಗೆ ಎಲೆ ಬರ್ತದಾ?"

ಷಡಕ್ಷರಿ ಬುಡಕ್ಕೆಲ್ಲ ಮಣ್ಣಿನ ಬಣ್ಣ ಬಳಿದ.

ಮಧ್ಯಾಹ್ನ ಮೇಸ್ತ್ರಿ ತಿಮ್ಮಪ್ಪ ಬಂದು ಚಿತ್ರದ ಮರಗಳನ್ನು ಬೆರಳಿಟ್ಟು ಎಣಿಸಿದ. "ಒಂಬತ್ತಾ? ಆ ಸಾಲಲ್ಲಿ ಹನ್ನೊಂದು ಮರ. ರಿಜಿಸ್ಟರಲ್ಲಿ ನೀವೇ ಬರ್ದಿದ್ದೀರಲ್ಲ!"

"ಕಣ್ಣಿಗೆ ಒಂಬತ್ತೇ ಕಾಣ್ತವೆ ತಿಮ್ಮಪ್ಪ."

"ಮಂಜು ಮಾರಾಯ್ರೆ, ಮಂಜು. ನೀವು ಎರಡು ಕಮ್ಮಿ ಬರೆದ್ರೆ ಯಜಮಾನ್ರು ನನ್ನ ಕುತ್ತಿಗೆ ಹಿಡೀತಾರೆ."

ನೆತ್ತಿ ಸುಡುವ ಬಿಸಿಲಿತ್ತು. ಆದರೂ ರಿಜಿಸ್ಟರಿನಲ್ಲಿ ಇದ್ದದ್ದು ತನ್ನದೇ ಅಕ್ಷರ. ಅದರ ಮುಂದೆ ತನ್ನ ಕಣ್ಣೇನು ದೊಡ್ಡದು? ಎರಡು ಮರ ಸೇರಿಸಿದ. ಹಾಗೆ ನೋಡಿದರೆ ಚಿತ್ರದಲ್ಲಿ ಅವೇ ಚೆನ್ನಾಗಿ ಬಂದವು.

ಸಂಜೆ ಓಂಕಾರಮೂರ್ತಿಗಳು ಚಿತ್ರ ನೋಡಿ, "ಭೇಷ್!" ಎಂದು ಜೇಬಿನಿಂದ ಕಾಗದ ತೆಗೆದರು. "ನೋಡ್ಕೊಂಡೇ ಬರೆದ್ರಾ?"

"ಬೆಳಿಗ್ಗೆಯಿಂದ ಅಲ್ಲಾಡದೆ ಕೂತಿದ್ದೆ ಸ್ವಾಮಿ. ಒಂದೆಲೆ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಯಜಮಾನರ ಬೆರಳು ಮರಗಳ ಮೇಲೆ ಸರಿಯಿತು. ಮುಖ ಗಂಟಾಯಿತು. "ಈಗ ನಾನು ಆ ಸಾಲಿನ ಪಕ್ಕದಲ್ಲೇ ಬಂದೆ. ಮರ ಒಂಬತ್ತು, ಕಡಿದ ಹಸಿ ಬೊಡ್ಡೆ ಎರಡು. ನಿಮ್ಮ ಚಿತ್ರದಲ್ಲಿ ಹನ್ನೊಂದೂ ನಿಂತಿವೆ. ಅಂದ್ರೆ ನೀವು ಎದುರಿಗೆ ಕೂತಿರೋವಾಗ್ಲೇ ಕಡ್ಕೊಂಡು ಹೋದ್ರು!"

ಷಡಕ್ಷರಿ ಯಜಮಾನರ ಹಿಂದೆ ನಿಂತಿದ್ದ ತಿಮ್ಮಪ್ಪನ ಕಡೆ ತಿರುಗಿದ.

"ನಾ ಕಾಣೆ ಯಜಮಾನ್ರೇ," ಎಂದ ತಿಮ್ಮಪ್ಪ. "ದಿನವಿಡೀ ನೋಡ್ತಾ ಕೂತಿದ್ದೋರು ರೈಟ್ರು."

ಕಾಗದ ಮತ್ತೆ ಜೇಬು ಸೇರಿತು. ಮರುದಿನದಿಂದ ಷಡಕ್ಷರಿಗೆ ಹೊಸ ಕೆಲಸ: ಅದೇ ದಿಬ್ಬದ ಮೇಲೆ ಕೂತು ಬೆಳಿಗ್ಗೆ ಸಂಜೆ ಮರ ಎಣಿಸಿ ಬರೆಯುವುದು. ಎಣಿಸಿದ. ಒಂಬತ್ತು. ಹಾಳಾದವು, ನೋಡಲು ಇನ್ನೂ ಚೆಂದವಾಗಿಯೇ ಇದ್ದವು.