ಒಂದೇ ಕುಲುಮೆ, ಎರಡು ಚೀಟಿ

ಬೆಳಗ್ಗೆ ಒಂಬತ್ತೂ ಕಾಲಿಗೆ ಚೊಕ್ಕಣ್ಣನ ಪರದೆಯ ಮೇಲೆ ಎಂಬತ್ತೊಂದು ಸಾಲು ಹಸಿರು, ಒಂದೇ ಒಂದು ಸಾಲು ಕೆಂಪು ಮೂಡಿತು. ಆ ಒಂದು ಸಾಲು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅವನನ್ನು ಕಾಡತೊಡಗಿತು.

ಪೆನ್ನನ್ನೂ ಮೇಜಿನ ಅಂಚಿಗೆ ಸಮವಾಗಿ ಇಡುವವನಾದ್ದರಿಂದ ಕಚೇರಿಯಲ್ಲಿ ಅವನಿಗೆ ಆ ಹೆಸರು. ನಗರಸಭೆಯ ನೀರಿನ ದೂರು, ಜನನ ಪತ್ರ, ವಿದ್ಯುತ್ ಚಿತಾಗಾರದಲ್ಲಿ ಸಮಯ ಕೊಡುವುದು, ಎಲ್ಲಕ್ಕೂ ಒಂದೊಂದು ಪ್ರೋಗ್ರಾಮು. ಪ್ರತಿಯೊಂದೂ ಕಂಟೇನರ್ ಎಂಬ ತನ್ನದೇ ಡಬ್ಬಿಯೊಳಗೆ ಕೂತು, ಕ್ಲಸ್ಟರ್ ಎಂಬ ಒಂದೇ ಕಂಪ್ಯೂಟರ್ ಗುಂಪಿನಲ್ಲಿ ಓಡುತ್ತಿತ್ತು. ಅವುಗಳ ಸೆಟ್ಟಿಂಗು ನಿಯಮದ ಪ್ರಕಾರ ಇದೆಯೇ ಎಂದು ನೋಡುವುದು ಚೊಕ್ಕಣ್ಣನ ಕೆಲಸ. ಒಂದು ಬಿದ್ದರೆ ಇನ್ನೊಂದಿರಲಿ ಎಂದು ಪ್ರತಿ ಪ್ರೋಗ್ರಾಮೂ ಎರಡು ಪ್ರತಿ ಓಡಬೇಕೆಂಬುದು ನಿಯಮ. ಚಿತಾಗಾರದ್ದು ಮಾತ್ರ ಒಂಟಿ, ಅದಕ್ಕೇ ಕೆಂಪು.

“ಹನ್ನೊಂದಕ್ಕೆ ಹೊರಗಿನ ತಪಾಸಣೆಯವರು ಬರ್ತಾರೆ. ಕೆಂಪು ಕಾಣಬಾರದು,” ಎಂದರು ವಿಭಾಗದ ಮುಖ್ಯಸ್ಥೆ ಮೇಡಂ.

ಆ ಪ್ರೋಗ್ರಾಮು ಬರೆದವರು ಪಕ್ಕದ ಮೇಜಿನ ಹಿರಿಯರು. ಅವರು ಕನ್ನಡಕ ತೆಗೆದು, “ಅದನ್ನ ಮಾತ್ರ ಮುಟ್ಟಬೇಡಪ್ಪ,” ಎಂದರು.

“ಯಾಕೆ ಸಾರ್?”

“ಯಾಕೆ ಅನ್ನೋದು ಮರೆತುಹೋಗಿದೆ. ಮುಟ್ಟಬಾರದು ಅನ್ನೋದಷ್ಟೇ ನೆನಪಿದೆ.”

ಚೊಕ್ಕಣ್ಣ ಒಂದು ಇದ್ದ ಕಡೆ ಎರಡು ಎಂದು ಬರೆದ. ಸಾಲು ಹಸಿರಾಯಿತು. ನೆಮ್ಮದಿಯಿಂದ ಟೀ ಕುಡಿದ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಚಿತಾಗಾರದ ಕುಲುಮೆ ನಡೆಸುವವನ ಫೋನು ಬಂತು. “ಸಾರ್, ಹನ್ನೊಂದು ಗಂಟೆಗೆ ಎರಡು ಹೆಣ ಬಂದಿವೆ. ಎರಡೂ ಕಡೆಯವರ ಹತ್ರ ಅದೇ ಹೊತ್ತಿನ ಚೀಟಿ ಇದೆ. ಇರೋ ಕುಲುಮೆ ಒಂದು. ಯಾರನ್ನ ಬಿಡ್ಲಿ?”

ಹಿರಿಯರ ಮುಖ ಅರಳಿತು. “ಈಗ ನೆನಪಾಯ್ತು ನೋಡು. ಯಾರಿಗೆ ಯಾವ ಹೊತ್ತು ಕೊಟ್ಟೆ ಅನ್ನೋದನ್ನ ಅದು ತನ್ನ ತಲೇಲೇ ಇಟ್ಟುಕೊಳ್ಳುತ್ತೆ. ಈಗ ಎರಡು ತಲೆ. ಒಂದು ಕೊಟ್ಟಿದ್ದು ಇನ್ನೊಂದಕ್ಕೆ ಗೊತ್ತಾಗಲ್ಲ.”

ಚೊಕ್ಕಣ್ಣ ಮೇಡಂ ಬಳಿಗೆ ಓಡಿದ. ತಪಾಸಣೆಯವರು ಆಗಲೇ ಪರದೆಯ ಮುಂದೆ ಕೂತಿದ್ದರು. ಮೇಡಂ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು: “ಅವರು ಏಳೋವರೆಗೆ ಏನೂ ಬದಲಾಯಿಸೋ ಹಾಗಿಲ್ಲ. ಅಲ್ಲಿಗೆ ಹೋಗಿ ಏನಾದ್ರೂ ಮಾಡಿ.”

ಅವನು ತಲುಪುವ ಹೊತ್ತಿಗೆ ಹನ್ನೆರಡರ ಜೋಡಿಯೂ ಬಂದಿತ್ತು. ಗೇಟಿನ ಹೊರಗೆ ನಾಲ್ಕು ವ್ಯಾನು ಬಸ್ ನಿಲ್ದಾಣದಲ್ಲಿ ನಿಂತಂತೆ ನಿಂತಿದ್ದವು.

“ನಮ್ಮಪ್ಪ ಬೆಳಗ್ಗೆ ಐದಕ್ಕೆ ಹೋದ್ರು. ಮೊದಲು ನಮ್ಮದು,” ಎಂದ ಒಬ್ಬ.

“ನಮ್ಮ ಮಾವ ನಾಲ್ಕಕ್ಕೇ ಹೋದ್ರು,” ಎಂದ ಇನ್ನೊಬ್ಬ.

ವ್ಯಾನಿನ ಚಾಲಕ ನಡುವೆ ಬಾಯಿ ಹಾಕಿದ. “ವಯಸ್ಸಿನ ಪ್ರಕಾರ ಬಿಡಿ ಸಾರ್. ಹಿರಿಯರಿಗೆ ಮರ್ಯಾದೆ.” ಆಧಾರಕ್ಕೆ ಹುಟ್ಟಿದ ದಿನಾಂಕದ ಕಾಗದಗಳು ಹೊರಬಂದವು. ಯಾರೋ ಚೊಕ್ಕಣ್ಣನ ಕಾಲರಿಗೂ ಕೈಹಾಕಿದರು. ಒಂದು ಗುಂಡಿ ಕಿತ್ತು ಬಿತ್ತು.

ನಾಲ್ಕನೆಯ ವ್ಯಾನಿನ ಬಾಗಿಲಲ್ಲಿ ಗಂಡನ ಪಾದದ ಮೇಲೆ ಕೈಯಿಟ್ಟು ಕೂತಿದ್ದ ಮುದುಕಿ ಹೇಳಿದಳು: “ನಮ್ಮದು ಕೊನೇಗೆ ಇರಲಿ ಬಿಡಪ್ಪ. ಮನೆಗೆ ಹೋದ್ರೂ ನಾನೊಬ್ಬಳೇ ತಾನೇ.”

ಜಗಳ ಅಲ್ಲಿಗೆ ನಿಂತಿತು. ಚೊಕ್ಕಣ್ಣ ಕಾವಲುಗಾರನ ಸ್ಟೂಲು ಎಳೆದು ಕೂತು, ಕಾಗದ ಹರಿದು, ಕೈಯಾರೆ ಸಂಖ್ಯೆ ಬರೆದು ಹಂಚತೊಡಗಿದ. ಸಂಜೆಯವರೆಗೆ ಹದಿನಾಲ್ಕು ಬರೆದ. ಪ್ರತಿಯೊಬ್ಬರ ಕ್ಷಮೆ ಕೇಳಿದ. ಮುದುಕಿಯ ಸರದಿ ಬಂದಾಗ ಕುಲುಮೆಯವರೆಗೂ ಜೊತೆಗೆ ಹೋದ.

ಬೂದಿ ಮೆತ್ತಿದ ಅಂಗಿಯಲ್ಲಿ, ಕೆಲಸ ಹೋಯಿತೆಂದೇ ಅಂದುಕೊಂಡು ಕಚೇರಿಗೆ ಮರಳಿದ. ಮೇಡಂ ನಗುತ್ತಿದ್ದರು.

“ಎಂಬತ್ತೆರಡಕ್ಕೆ ಎಂಬತ್ತೆರಡೂ ಹಸಿರು. ಮೇಲಿನವರಿಗೆ ತುಂಬಾ ಖುಷಿ. ನೀವು ಅಲ್ಲಿ ಮಾಡಿದ್ದು ಕೇಳಿ ತಪಾಸಣೆಯವರು ನಿಮ್ಮನ್ನೂ ಹೊಗಳಿದ್ದಾರೆ. ಯಂತ್ರ ತಪ್ಪಿದಾಗ ಸ್ಥಳದಲ್ಲೇ ಕೈಯಾರೆ ಚೀಟಿ ಕೊಡೋ ವ್ಯವಸ್ಥೆ ಬೇರೆಲ್ಲೂ ಕಂಡಿಲ್ಲವಂತೆ. ಅದನ್ನ ಕಾಯಂ ಮಾಡಿ ಅಂತ ಬರೆದಿದ್ದಾರೆ. ನಾಳೆಯಿಂದ ನಿಮ್ಮ ಕೆಲಸ ಅಲ್ಲೇ.”

“ಮೇಡಂ, ಎರಡನ್ನ ಒಂದು ಮಾಡಿದ್ರೆ ಸಾಕು. ಚೀಟಿಯೇ ಬೇಕಾಗಿಲ್ಲ.”

“ಒಂದು ಮಾಡಿದ್ರೆ ಕೆಂಪು ಬರುತ್ತಲ್ರೀ.”

ಅಷ್ಟರಲ್ಲಿ ಕುಲುಮೆಯವನ ಫೋನು ಬಂತು. “ಸಾರ್, ನಾಳೆ ಎಂಟಕ್ಕೇ ಇಬ್ಬರಿದ್ದಾರೆ. ಸ್ವಲ್ಪ ಬೇಗ ಬನ್ನಿ.”